ಸಂಗಡ

ಫೋರ್ತಲೇಜಾದಲ್ಲಿ ಆಗ ಬಂದರೆಂಬುದು ಹೆಸರಿಗಷ್ಟೇ.
ಹಡಗು ದಡಕ್ಕೆ ಬಾರದು, ತಳ ಮರಳಿಗೆ ತಾಗುತ್ತದೆ.
ದೂರ, ಆಳದಲ್ಲಿ, ಹೊಗೆ ಬಿಡುತ್ತ ನಿಲ್ಲುತ್ತದೆ
ಬಾಕಿ ವಸೂಲಿಗೆ ಬಂದವನ ಹಾಗೆ.
ನಡುವೆ ಅಲೆ. ಅಲೆಯ ಮೇಲೆ ತೆಪ್ಪ:
ಆರು ದಿಮ್ಮಿ, ಒಂದು ಹಾಯಿ, ಕೂರಲು ಮಣೆ,
ಕುಡಿವ ನೀರಿಗೊಂದು ಸೋರೆಬುರುಡೆ.
ಒಂದು ಮೊಳೆಯೂ ಇಲ್ಲ; ಮರಕ್ಕೆ ಮರವೇ ಬೆಣೆ.

ಹತ್ತಿಮೂಟೆ, ಚರ್ಮದ ಕಟ್ಟು, ಪಾದ್ರಿಯ ಪೆಟ್ಟಿಗೆ,
ಮಾರಿದ ಮನುಷ್ಯರು,
ಎಲ್ಲಕ್ಕೂ ಜೆಫೆರಿನೊನ ತೆಪ್ಪವೇ.
ಮೂಟೆಗೆ ಇಷ್ಟು, ತಲೆಗೆ ಇಷ್ಟು.
ಮೂಟೆ ನೆನೆದರೆ ದಂಡ.
ತಲೆ ನೆನೆದರೆ ಕೇಳುವವರಿಲ್ಲ.

ಅವರು ಅದನ್ನು ಜಂಗಾಡ ಎನ್ನುತ್ತಾರೆ.
ನಮ್ಮ ಪಡುಗಡಲಂಚಿನ ಮಾತೇ
ಪೋರ್ಚುಗೀಸರ ನಾಲಿಗೆ ಹತ್ತಿ ಅಲ್ಲಿಗೆ ಹೋಯಿತಂತೆ.
ಹಾಗೆಂದು ಓದಿದ ದಿನದಿಂದ ನನ್ನ ಕಿವಿ
ಅದನ್ನು 'ಸಂಗಡ' ಎಂದೇ ಕೇಳುತ್ತದೆ,
ತಪ್ಪೋ ಸರಿಯೋ, ಬಲ್ಲವರು ಹೇಳಲಿ.
ಕಟ್ಟಿದ್ದರಿಂದ ದಿಮ್ಮಿಗಳು ಸಂಗಡ.
ಕಟ್ಟಿದ್ದರಿಂದ ಅವರೂ ಸಂಗಡ,
ಒಬ್ಬನ ಮಣಿಕಟ್ಟು ಇನ್ನೊಬ್ಬಳದಕ್ಕೆ.

ಹಿಂದಿನ ಸೆಪ್ಟೆಂಬರಿನಲ್ಲಿ ಒಬ್ಬಳು ಹುಡುಗಿ. ಕಿಟೇರಿಯಾ.
ಹೆಸರು ಅವನು ಕೇಳಿರಲಿಲ್ಲ, ಅವಳೇ ಹೇಳಿದಳು.
ಎತ್ತುಗಳೆಲ್ಲ ಮುಗಿದ ಮೇಲೆ ಧಣಿ ಅವಳನ್ನು ಮಾರಿದ್ದ,
ದಕ್ಷಿಣದ ಯಾವುದೋ ಕಾಫಿ ತೋಟಕ್ಕೆ.
ಬುರುಡೆಯಿಂದ ನೀರು ಕೊಟ್ಟ.
"ಎಷ್ಟು ದಿನದ ದಾರಿ?"
ಗೊತ್ತಿಲ್ಲ ಅಂದ. ನಿಜಕ್ಕೂ ಗೊತ್ತಿರಲಿಲ್ಲ:
ಹಡಗಿನ ಏಣಿಯ ತನಕವೇ ಅವನ ಲೋಕ.
ಏಣಿ ಹತ್ತುತ್ತ ಅವಳು, ಪಕ್ಕದ ಬೀದಿಗೆ ಹೊರಟವಳಂತೆ,
"ಆಮೇಲೆ ಸಿಗುವಾ" ಅಂದಳು.

ಅಷ್ಟೇ. ಇದರಲ್ಲಿ ಕತೆಯೇನೂ ಇಲ್ಲ.
ಆದರೆ ಉಂಬೆಲೀನಾ ಗಮನಿಸಿದಳು,
ಗಂಡ ಬುರುಡೆಯನ್ನು ತೊಳೆದದ್ದೇ ತೊಳೆದದ್ದು.
ತಲೆಗಾಸಿನಿಂದ ತಂದ ಹಿಟ್ಟನ್ನು ಉಂಡ,
ಉಣ್ಣದೆ ಇರಲಿಲ್ಲ.

ಜನವರಿ, ಎಂಬತ್ತೊಂದು.
ಪಟ್ಟಣದಲ್ಲಿ ಕೋಟು ತೊಟ್ಟವರ ಸಭೆ,
ಭಾಷಣ, ಪತ್ರಿಕೆ, ಮೇಜು ಗುದ್ದಿದ ಸದ್ದು.
ದಂಡೆಯಲ್ಲಿ ಸದ್ದೇನೂ ಇರಲಿಲ್ಲ.
ಹಡಗು ಬಂದು ನಿಂತಿತ್ತು. ಮಾರಾಟವಾದ ಹದಿನಾಲ್ಕು ಜನ
ಮರಳ ಮೇಲೆ ಕೂತಿದ್ದರು.
ದಲ್ಲಾಳಿ ಕೈ ಬೀಸಿದ.
ಹಾಯಿ ಹೊಲಿಯುತ್ತಿದ್ದವನು ಹೊಲಿಯುತ್ತಲೇ ಇದ್ದ.
ಒಬ್ಬ ಕಾಲು ಉಳುಕಿದೆ ಅಂದ.
ಒಬ್ಬ ತನ್ನ ತೆಪ್ಪದ ಬೆಣೆ ಕಿತ್ತು ಜೇಬಿಗೆ ಹಾಕಿಕೊಂಡ.
ಎರಡು ಪಟ್ಟು, ಅಂದ ದಲ್ಲಾಳಿ. ನಾಲ್ಕು.
ಆಮೇಲೆ ಪೊಲೀಸರನ್ನು ಕರೆಸಿದ.
ಪೊಲೀಸರಿಗೆ ಅಲೆ ದಾಟಲು ಬರುತ್ತಿರಲಿಲ್ಲ.

ಕೊನೆಗೆ ಜೆಫೆರಿನೊನ ಎದುರು ಬಂದು ನಿಂತ:
"ನೀನು? ನೀನು ಯಾವತ್ತೂ ಇಲ್ಲ ಅಂದವನಲ್ಲ."
ಜೆಫೆರಿನೊ ಬಹಳ ಹೊತ್ತು ಯೋಚಿಸಿದ
ಒಳ್ಳೆಯ ಮಾತೊಂದು ಸಿಗಲೆಂದು.
ಸಿಗಲಿಲ್ಲ.
"ಬುರುಡೆ ಒಡೆದಿದೆ" ಅಂದ.
ಅದು ಪಕ್ಕದಲ್ಲೇ ಇತ್ತು,
ತುಂಬಿ, ಬಿಸಿಲಿಗೆ ಹೊಳೆಯುತ್ತ.

ಸಂಜೆ ಹಡಗು ಲಂಗರೆತ್ತಿತು.
ಜನ ಕೂಗಿದರು, ಟೋಪಿ ಹಾರಿಸಿದರು.
ಆ ಹದಿನಾಲ್ಕು ಜನ ಎದ್ದು, ಮರಳು ಕೊಡವಿಕೊಂಡು,
ಅದೇ ಧಣಿಗಳ ಅದೇ ಅಡಿಗೆಮನೆಗಳಿಗೆ ನಡೆದರು.
ಆ ದಿನ ಯಾರಿಗೂ ಬಿಡುಗಡೆಯಾಗಲಿಲ್ಲ; ಇದನ್ನೂ ಬರೆಯಬೇಕು.
ಆ ಪ್ರಾಂತಕ್ಕೆ ಇನ್ನೂ ಮೂರು ವರ್ಷ,
ಇಡೀ ದೇಶಕ್ಕೆ ಏಳು.
ಕಾನೂನು ಬಂದಾಗ ಅದರಲ್ಲಿ ಎರಡೇ ಕಲಮು.
ಕಾಫಿ ತೋಟದಲ್ಲಿ ಅದನ್ನು
ಯಾರು ಯಾರಿಗೆ ಓದಿ ಹೇಳಿದರೋ.

ಜೆಫೆರಿನೊ ಮುದುಕನಾದ.
ದಕ್ಷಿಣದಿಂದ ಹಡಗು ಬಂದಾಗಲೆಲ್ಲ ತಾನೇ ಹೋಗಿ
ಏಣಿಯ ಕೆಳಗೆ ತೆಪ್ಪ ಹಿಡಿದು
ಇಳಿಯುವವರ ಹಿಮ್ಮಡಿ ನೋಡುತ್ತಿದ್ದ.
ಮುಖ ಅವನ ನೆನಪಿನಲ್ಲಿ ಉಳಿದಿರಲಿಲ್ಲ.
ನೀರು ಬೇಕೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದ.
ಬೇಡವೆಂದವರಿಗೂ ಕೊಡುತ್ತಿದ್ದ.